‘ಬೇಡ’ ಅಂದ ಅಪ್ಪನ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವಾಟ್ಸಾಪ್ ಮೆಸೇಜ್ ಓದಿದೆ. ಪ್ರತಿ ವರ್ಷ ಜನವರಿ 15ರ ಸೇನಾ ದಿನಕ್ಕೆ ಅದು ನಮ್ಮೂರಿನ ಗ್ರೂಪ್‌ಗಳಲ್ಲೂ ಓಡಾಡುತ್ತದೆ. ನಮ್ಮ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರ ಮಗ 1965ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ್ದು, ಅಲ್ಲಿನ ಅಧ್ಯಕ್ಷರು ಬಿಟ್ಟು ಕಳಿಸುತ್ತೇನೆ ಅಂದದ್ದು, ಇವರು ಬೇಡ ಅಂದದ್ದು. ಕೆಳಗೆ ಸಾಲಾಗಿ ಬಾವುಟಗಳು, ಕೈ ಮುಗಿಯುವ ಚಿತ್ರಗಳು. ನೀನು ಮಾತ್ರ ಬೇರೆ ಬರೆದಿದ್ದೀಯ. “ಅಮ್ಮ, ಇವರು ಅಪ್ಪನಾ ಕಲ್ಲಾ? ಇದನ್ನೆಲ್ಲ ಯಾಕೆ ಹೊಗಳುತ್ತಾರೆ?” ಅಂತ.

ಫೋನಿನಲ್ಲಿ ಹೇಳೋಣ ಅಂದುಕೊಂಡೆ. ಆದರೆ ಮಾತು ಶುರುವಾಗುವಷ್ಟರಲ್ಲಿ ಮಗು ಎದ್ದುಬಿಡುತ್ತದೆ, ನೀನು ಆಮೇಲೆ ಮಾಡ್ತೀನಿ ಅಂತ ಇಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಸಮಯ ಸಿಕ್ಕಾಗ ಓದು.

ಮೊದಲು ಒಂದು ಮಾತು. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಅಳಿಯಂದಿರು ಸಿಗ್ನಲ್ ಸಿಗದ ಜಾಗದಲ್ಲಿದ್ದಾರೆ. ನೀನು ಪುಣೆಯ ಕ್ವಾರ್ಟರ್ಸ್‌ನಲ್ಲಿ ಒಬ್ಬಳೇ ಮಗು ಕಟ್ಟಿಕೊಂಡು ಕೂತಿದ್ದೀಯ. ಅಂಥ ಹೊತ್ತಲ್ಲಿ ಯಾರೋ ಮನೆಯಲ್ಲಿ ಆರಾಮಾಗಿ ಕೂತು ‘ಮಗನಿಗಿಂತ ದೇಶ ದೊಡ್ಡದು’ ಅಂತ ಬರೆದರೆ ಹೊಟ್ಟೆ ಉರಿಯುತ್ತದೆ. ನನಗೂ ಉರಿಯುತ್ತದೆ. ಇಂಥದ್ದನ್ನ ಫಾರ್ವರ್ಡ್ ಮಾಡುವವರಲ್ಲಿ ಎಷ್ಟು ಜನರ ಮಕ್ಕಳು ಮಿಲಿಟ್ರಿಯಲ್ಲಿದ್ದಾರೆ ಅಂತ ಒಂದು ದಿನ ಕೇಳಬೇಕು ಅನ್ನಿಸುತ್ತದೆ.

ಆದರೆ ಆ ಮನುಷ್ಯನನ್ನ ಕಲ್ಲು ಅನ್ನೋದಕ್ಕೆ ನನಗೆ ಮನಸ್ಸು ಬರುವುದಿಲ್ಲ. ನಮ್ಮೂರಿನವರು ಅನ್ನುವ ಅಭಿಮಾನ ಅಂತ ನೀನು ನಗಬಹುದು. ಅದೂ ಸ್ವಲ್ಪ ಇದೆ ಅಂತಲೇ ಇಟ್ಟುಕೋ. ಅವರು ಹುಟ್ಟಿದ್ದು ಇದೇ ಶನಿವಾರಸಂತೆಯಲ್ಲಿ, 1899ರ ಜನವರಿ 28ರಂದು. ಅಪ್ಪ ಮಾದಪ್ಪನವರಿಗೆ ರೆವಿನ್ಯೂ ಇಲಾಖೆಯಲ್ಲಿ ಕೆಲಸ. ಮನೆಯಲ್ಲಿ ಹುಡುಗನನ್ನ ಚಿಮ್ಮ ಅಂತ ಕರೆಯುತ್ತಿದ್ದರು. ಓದಿದ್ದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಭಾರತೀಯರನ್ನೂ ಪೂರ್ತಿ ಅಧಿಕಾರವಿರುವ ಆಫೀಸರ್ ಮಾಡೋಣ ಅಂತ ಮನಸ್ಸು ಮಾಡಿದರು. ಇಂದೋರಿನಲ್ಲಿ ತರಬೇತಿ ಕೊಟ್ಟ ಆ ಮೊದಲ ತಂಡದಲ್ಲಿ ಇವರಿದ್ದರು. 1919ರಲ್ಲಿ ಆಫೀಸರ್ ಆದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ, 1942ರಲ್ಲಿ ಒಂದು ಬೆಟಾಲಿಯನ್ ನಡೆಸಿದ ಮೊದಲ ಭಾರತೀಯ. ಇನ್ನೂ ಹಲವು ಮೊದಲುಗಳಿವೆ, ಅವೆಲ್ಲ ಶಾಲೆಯಲ್ಲಿ ನಿನಗೆ ಬಾಯಿಪಾಠ ಮಾಡಿಸಿದ್ದೇ. ‘ಕಿಪ್ಪರ್’ ಅನ್ನುವ ಅಡ್ಡಹೆಸರು ಬಂದದ್ದು ಒಬ್ಬ ಇಂಗ್ಲಿಷ್ ಆಫೀಸರನ ಹೆಂಡತಿಗೆ ಕಾರ್ಯಪ್ಪ ಅನ್ನಲು ನಾಲಿಗೆ ಹೊರಳದೇ ಇದ್ದದ್ದರಿಂದ ಅಂತೆ!

ಪಾಠದಲ್ಲಿ ಇಲ್ಲದ್ದು ಅವರ ಮನೆಯ ಕಥೆ. ಮದುವೆಯಾದದ್ದು 1937ರಲ್ಲಿ, ಮುತ್ತು ಮಾಚಯ್ಯ ಅವರ ಜೊತೆ. ಇವರಿಗೆ ಆಗಲೇ 38 ವರ್ಷ. ಹುಡುಗಿ ವಯಸ್ಸಿನಲ್ಲಿ ತುಂಬ ಚಿಕ್ಕವರು. ಮರುವರ್ಷ ಜನವರಿಯಲ್ಲಿ ಮಗ ಹುಟ್ಟಿದ, 1943ರಲ್ಲಿ ಮಗಳು ನಳಿನಿ. ಮಗನ ಹೆಸರೂ ಕಾರ್ಯಪ್ಪನೇ, ಕರೆಯುವುದು ನಂದಾ ಅಂತ. ಮಧ್ಯೆ ಎರಡನೇ ಮಹಾಯುದ್ಧ ಬಂತು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ. ಅದೇ ಕಾರಣವೋ, ವಯಸ್ಸಿನ ಅಂತರವೋ, ಗಂಡನ ಸ್ವಭಾವವೋ, ಹೊರಗಿನವರು ಹೇಳುವ ಮಾತಲ್ಲ. 1945ರಲ್ಲಿ ಇಬ್ಬರೂ ಬೇರೆಯಾದರು. ಅದಾಗಿ ಕೆಲವೇ ವರ್ಷದಲ್ಲಿ ಮುತ್ತು ಅಪಘಾತದಲ್ಲಿ ತೀರಿಕೊಂಡರು.

ಈಗ ಲೆಕ್ಕ ಹಾಕು. 1948ರಲ್ಲಿ ಕಾಶ್ಮೀರದ ಯುದ್ಧ ಜೋರಾಗಿದ್ದಾಗ ಪಶ್ಚಿಮದ ಸೇನೆಯ ಹೊಣೆ ಕಾರ್ಯಪ್ಪನವರ ಮೇಲಿತ್ತು. ಕಣಿವೆಯ ಕಡೆಗೆ ನಮ್ಮದೇ ಮಡಿಕೇರಿಯ ತಿಮ್ಮಯ್ಯನವರು. ನವೆಂಬರಿನ ಚಳಿಯಲ್ಲಿ ಜೋಜಿ ಲಾ ಕಣಿವೆ ದಾರಿಗೆ ಟ್ಯಾಂಕು ಹತ್ತಿಸಿ, ದ್ರಾಸ್, ಕಾರ್ಗಿಲ್ ವಾಪಸ್ ತೆಗೆದುಕೊಂಡು, ಲೇಹ್‌ಗೆ ದಾರಿ ಬಿಡಿಸಿದರು. ಮರುವರ್ಷ ಜನವರಿ 15ಕ್ಕೆ ಕೊನೆಯ ಬ್ರಿಟಿಷ್ ಮುಖ್ಯಸ್ಥ ಜನರಲ್ ಬುಚರ್ ಕೈಯಿಂದ ಕಾರ್ಯಪ್ಪ ಇಡೀ ಸೇನೆಯ ಅಧಿಕಾರ ತೆಗೆದುಕೊಂಡರು. ಸೇನಾ ದಿನ ಬಂದದ್ದು ಅಲ್ಲಿಂದಲೇ. ಆ ದಿನ ಮಗನಿಗೆ 11 ವರ್ಷ. ಮಗಳಿಗೆ ಆರು ಇನ್ನೂ ತುಂಬಿಲ್ಲ. ತಾಯಿ ಇಲ್ಲದ ಎರಡು ಮಕ್ಕಳ ಅಪ್ಪ ಅವರು ಆಗ. ಮೆರವಣಿಗೆ ಫೋಟೋದಲ್ಲಿ ಇದು ಕಾಣುವುದಿಲ್ಲ ಅಲ್ವಾ?

ಮಕ್ಕಳನ್ನ ಹೇಗೆ ಬೆಳೆಸಿದರು ಅಂದರೆ, ಮಿಲಿಟ್ರಿ ಮನೆಯ ಹಾಗೇ. ಸಮಯಕ್ಕೆ ಸರಿಯಾಗಿ ಎಲ್ಲ. ಊಟದ ಮೇಜಿಗೆ ಬರುವಾಗಲೂ ನೀಟಾಗಿ ಬಟ್ಟೆ ಹಾಕಿಕೊಂಡೇ ಬರಬೇಕು. ಮಡಿಕೇರಿಯ ‘ರೋಷನಾರಾ’ ಮನೆಯಲ್ಲಿ, ರಿಟೈರಾದ ಮೇಲೂ, ರಾತ್ರಿ ಊಟಕ್ಕೆ ಸೂಟು ಹಾಕಿ ಕೂರುತ್ತಿದ್ದರಂತೆ. ನಿಮ್ಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಉಣ್ಣುವುದನ್ನ ನೋಡಿದ್ದರೆ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದರೇನೋ!

ದೆಹಲಿಯ ದಿನಗಳ ಒಂದು ಕಥೆಯನ್ನ ಮಗನೇ ಹೇಳಿಕೊಂಡಿದ್ದಾರೆ. ಸೇನಾ ದಂಡನಾಯಕರ ಮಕ್ಕಳಾದರೂ ಇವರಿಬ್ಬರೂ ಶಾಲೆಗೆ ಹೋಗುತ್ತಿದ್ದದ್ದು ಬೇರೆ ಮಿಲಿಟ್ರಿ ಮಕ್ಕಳ ಜೊತೆ ಟ್ರಕ್ಕಿನಲ್ಲಿ. ಒಂದು ದಿನ ಟ್ರಕ್ ಬರಲಿಲ್ಲ. ಅಪ್ಪನ ಜೊತೆಗಿದ್ದ ಆಫೀಸರ್, ಪಾಪ, ಮಕ್ಕಳು ಕಾಯುತ್ತಿರುತ್ತಾರೆ ಅಂತ ಅಪ್ಪನ ಸರ್ಕಾರಿ ಕಾರು ಕಳಿಸಿ ಕರೆಸಿಕೊಂಡರು. ಅಪ್ಪನಿಗೆ ಗೊತ್ತಾಗಿ ಕೆಂಡಾಮಂಡಲ. ಆ ಖರ್ಚನ್ನ ತನ್ನ ಲೆಕ್ಕದಿಂದ ಕಟ್ಟಿಸಿಕೊಳ್ಳಿ ಅಂದರಂತೆ. ಈ ಕಾಲದಲ್ಲಿ ಇದನ್ನ ಕೇಳಿದರೆ ಸ್ವಲ್ಪ ಅತಿಯಾಯ್ತು ಅನ್ನಿಸುತ್ತದೆ. ಈ ಕಡೆ ಸರ್ಕಾರಿ ಜೀಪಿನಲ್ಲಿ ಸಾಹೇಬರ ಮನೆಗೆ ತರಕಾರಿ ಬರುವುದನ್ನ ನೋಡಿದವರಿಗೆ ಅತಿ ಅನ್ನಿಸುವುದಿಲ್ಲ.

ಈಗ ನಿನ್ನ ಮೆಸೇಜಿನ ವಿಷಯಕ್ಕೆ ಬರುತ್ತೇನೆ. 1953ರ ಜನವರಿಯಲ್ಲಿ ಸೇನೆಯಿಂದ ನಿವೃತ್ತಿ. ಆಮೇಲೆ ಮೂರು ವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಹೈಕಮಿಷನರ್. ಅದಾದ ಮೇಲೆ ಮಡಿಕೇರಿ, ತೋಟ, ಗಿಡ, ಹಕ್ಕಿ. ಮಗ ಸೇನೆಗೆ ಹೋಗಲಿಲ್ಲ, ವಾಯುಪಡೆಗೆ ಹೋದ. 1965ರಲ್ಲಿ ಆತ 20ನೇ ಸ್ಕ್ವಾಡ್ರನ್‌ನಲ್ಲಿ ಹಂಟರ್ ವಿಮಾನ ಹಾರಿಸುತ್ತಿದ್ದ. ಸೆಪ್ಟೆಂಬರ್ 22ರಂದು ಕೆಳಗಿಂದ ಬಂದ ಗುಂಡು ವಿಮಾನಕ್ಕೆ ತಗುಲಿತು. ಹೊರಗೆ ಹಾರಿಕೊಂಡ, ಬೆನ್ನಿಗೆ ಪೆಟ್ಟಾಯಿತು, ಬಿದ್ದದ್ದು ಪಾಕಿಸ್ತಾನದ ನೆಲದಲ್ಲಿ. ಆ ರಾತ್ರಿ ಕಳೆದು ಬೆಳಗಾಗುವ ಮೊದಲೇ, 23ನೇ ತಾರೀಖು, ಕದನ ವಿರಾಮ ಜಾರಿಗೆ ಬಂತು. ಒಂದು ದಿನ ಹೆಚ್ಚು ಕಡಿಮೆಯಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನಿಗೆ 27 ವರ್ಷ, ಅಪ್ಪನಿಗೆ 66.

ಹುಡುಗ ಯಾರ ಮಗ ಅಂತ ತಿಳಿದ ತಕ್ಷಣ ಪಾಕಿಸ್ತಾನ ರೇಡಿಯೋ ಅದನ್ನ ಹೇಳಿತು. ಅಲ್ಲಿ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಸಾಹೇಬರ ಮೇಲೆ ಗೌರವ. ಹುಡುಗ ಬದುಕಿದ್ದಾನೆ, ಬೇಕಾದರೆ ಕಳಿಸಿಕೊಡುತ್ತೇನೆ ಅಂತ ಹೇಳಿ ಕಳಿಸಿದರು. ಫೋನ್ ಮಾಡಿದರು ಅನ್ನುವವರಿದ್ದಾರೆ, ದೆಹಲಿಯಲ್ಲಿದ್ದ ತಮ್ಮ ರಾಯಭಾರಿ ಮೂಲಕ ಹೇಳಿಸಿದರು ಅನ್ನುವವರೂ ಇದ್ದಾರೆ. ಮೆಸೇಜಿನಲ್ಲಿ ನಾಟಕದ ಡೈಲಾಗ್ ತರಹ ಬರೆದಿದ್ದಾರಲ್ಲ, ಅದನ್ನ ಅಕ್ಷರ ಅಕ್ಷರ ನಂಬಬೇಡ. ತಿರುಳು ಮಾತ್ರ ಎಲ್ಲರೂ ಹೇಳುವುದು ಒಂದೇ. ನಿಮ್ಮ ಒಳ್ಳೆಯ ಮನಸ್ಸಿಗೆ ಥ್ಯಾಂಕ್ಸ್, ಆದರೆ ಅಲ್ಲಿರುವ ಎಲ್ಲ ಸೆರೆಯಾಳುಗಳೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ಏನೂ ವಿಶೇಷ ಬೇಡ ಅಂದರು.

ಮಗ ಬಂದದ್ದು 1966ರ ಜನವರಿ 22ಕ್ಕೆ. ತಾಷ್ಕೆಂಟ್ ಒಪ್ಪಂದವಾಗಿ, ಶಾಸ್ತ್ರಿಯವರು ಅಲ್ಲೇ ತೀರಿಕೊಂಡು, ದೇಶ ಅಳು ಮುಗಿಸುವ ಮೊದಲೇ. ಲೆಕ್ಕಕ್ಕೆ ಸರಿಯಾಗಿ ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಒಂಟಿ ಕೋಣೆಯ ದಿನಗಳೂ ಇದ್ದವು, ಆಸ್ಪತ್ರೆಯ ದಿನಗಳೂ ಇದ್ದವು. ಅಯೂಬರ ಹೆಂಡತಿ, ದೊಡ್ಡ ಮಗ ಇಬ್ಬರೂ ಆಸ್ಪತ್ರೆಗೆ ಹೋಗಿ ಸಿಗರೇಟು ಪ್ಯಾಕು, ಓದಲು ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟು ಬಂದರಂತೆ. ಯುದ್ಧ ಅನ್ನುವುದು ಎಂಥ ವಿಚಿತ್ರ ನೋಡು. ವಿಶೇಷ ಬೇಡ ಅಂದರೂ ಅಷ್ಟು ವಿಶೇಷ ನಡೆದೇ ಹೋಯಿತು.

ಈ ಕಥೆ ನಾನು ಮೊದಲು ಕೇಳಿದ್ದು ಮೆಸೇಜಿನಲ್ಲಿ ಅಲ್ಲ, ನಿನ್ನ ಅಜ್ಜನ ಬಾಯಲ್ಲಿ. ನೀನು ಅಜ್ಜನನ್ನ ನೋಡಿದ್ದು ಹಲ್ಲಿಲ್ಲದ, ಮೊಣಕಾಲು ನೋವಿನ ಮುದುಕನಾಗಿ. 1965ರಲ್ಲಿ ಅವರೂ ಪಂಜಾಬಿನಲ್ಲೇ ಇದ್ದರು, ಮದ್ರಾಸ್ ಸ್ಯಾಪರ್ಸ್‌ನಲ್ಲಿ. ನಮ್ಮ ಕಡೆ ಎಂಇಜಿ ಅಂದರೇ ಜನಕ್ಕೆ ಗೊತ್ತಾಗುವುದು. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ತರಬೇತಿ. ಸೇತುವೆ ಕಟ್ಟುವುದು, ಮೈನ್ ಹೂಳುವುದು, ಮೈನ್ ತೆಗೆಯುವುದು, ರಸ್ತೆ ಮಾಡುವುದು, ಇವೇ ಅವರ ಕೆಲಸ. ಅಜ್ಜ ಆಗ ಬರೀ ಜವಾನ. ಆಮೇಲೆ ಹವಾಲ್ದಾರ್ ಆಗಿ ಪೆನ್ಶನ್ ಬಂದರು.

ನಾನು ಆಗ ಪುಟ್ಟ ಮಗು. ಆ ದಿನಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಜ್ಜಿ ಹೇಳಿದ್ದು. ಊರಲ್ಲಿ ರೇಡಿಯೋ ಇದ್ದದ್ದು ತೋಟದ ಸಾಹುಕಾರರ ಮನೆಯಲ್ಲಿ. ಸಂಜೆ ಹೊತ್ತು ಹೆಂಗಸರೆಲ್ಲ ಅವರ ಜಗಲಿಯ ಕೆಳಗೆ ಹೋಗಿ ನಿಲ್ಲುತ್ತಿದ್ದರು. ವಾರ್ತೆಯಲ್ಲಿ ಎಷ್ಟು ಟ್ಯಾಂಕು ಒಡೆದೆವು ಅಂತ ಬರುತ್ತಿತ್ತು. ಯಾರ ಗಂಡ ಎಲ್ಲಿದ್ದಾನೆ ಅಂತ ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಮನೆ ಕಡೆ ತಿರುಗಿದರೆ ಅಜ್ಜಿ ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದರಂತೆ. ಕಾಗದ ಬಂದರೆ ಸರಿ, ತಂತಿ ಬಂದರೆ ಮುಗಿಯಿತು. ಕದ ಹಾಕಿದ ಮನೆಗೆ ತಂತಿ ಕೊಡುವುದಕ್ಕೆ ಆಗುವುದಿಲ್ಲ ಅನ್ನುವುದು ಅಜ್ಜಿಯ ನಂಬಿಕೆ. ಪೋಸ್ಟ್‌ಮ್ಯಾನ್‌ಗೂ ಗೊತ್ತಿತ್ತು. ಅವನು ರಸ್ತೆಯಿಂದಲೇ “ಮನಿಯಾರ್ಡರ್ ಅಕ್ಕಾ, ಬರೀ ಮನಿಯಾರ್ಡರ್!” ಅಂತ ಕೂಗಿಕೊಂಡೇ ಬರುತ್ತಿದ್ದನಂತೆ.

ಅಜ್ಜ ಕ್ಷೇಮವಾಗಿ ಬಂದರು. ನಮ್ಮ ಮನೆಯ ಕಥೆ ಅಷ್ಟೇ, ಅದರಲ್ಲಿ ವೀರಗಾಥೆ ಏನೂ ಇಲ್ಲ. ಆದರೆ ಮನೆಗೆ ಬಂದ ಮೇಲೆ ಅಜ್ಜ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕಾರ್ಯಪ್ಪನವರ ಫೋಟೋ ತಂದು ದೇವರ ಪಟದ ಪಕ್ಕ ಮೊಳೆ ಹೊಡೆದದ್ದು. ಅಜ್ಜಿಗೆ ಅದು ಇಷ್ಟವಾಗಲಿಲ್ಲ. ದೇವರ ಸಾಲಿನಲ್ಲಿ ಮನುಷ್ಯರನ್ನ ಯಾಕೆ ಇಡುತ್ತೀರಿ ಅಂತ. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜನನ್ನ ನಿನ್ನ ಹಾಗೇ ಕೇಳಿದ್ದೆ. ಸ್ವಂತ ಮಗನನ್ನ ಬಿಟ್ಟುಕೊಟ್ಟವರ ಫೋಟೋ ಇಟ್ಟುಕೊಂಡಿದ್ದೀರಲ್ಲ ಅಂತ.

ಅಜ್ಜ ಹೇಳಿದ್ದು ನನಗೆ ಈಗಲೂ ನೆನಪಿದೆ. “ಬಿಟ್ಟುಕೊಡಲಿಲ್ಲ ಕಣಮ್ಮ. ನಮ್ಮ ಸಾಲಿಗೆ ತಂದು ನಿಲ್ಲಿಸಿದರು. ನನ್ನನ್ನ ಹಿಡಿದಿದ್ದರೆ ಅಯೂಬ್ ಖಾನ್ ನಮ್ಮಪ್ಪನಿಗೆ ಹೇಳಿ ಕಳಿಸುತ್ತಿದ್ದನಾ?”

ನೋಡು ಪುಟ್ಟಿ, ಇದು ಆಫೀಸರ್ ಮನೆಯ ಕಣ್ಣಿಗೂ ಕಾಣುವುದಿಲ್ಲ, ಫಾರ್ವರ್ಡ್ ಮಾಡುವವರ ಕಣ್ಣಿಗೂ ಕಾಣುವುದಿಲ್ಲ. ಜವಾನನ ಮನೆಯಲ್ಲಿ ಹುಟ್ಟಿದವರಿಗೆ ಕಾಣುತ್ತದೆ. ಅಲ್ಲಿ ಸೆರೆಯಲ್ಲಿದ್ದ ಉಳಿದವರ ಅಪ್ಪ ಅಮ್ಮಂದಿರು ಹೊಲದಲ್ಲಿ, ತೋಟದಲ್ಲಿ, ಎಲ್ಲೆಲ್ಲೋ ಇದ್ದವರು. ಅವರನ್ನ ಯಾರು ಕೇಳಬೇಕು? ಮಗ ಬದುಕಿದ್ದಾನೆ ಅಂತ ರೇಡಿಯೋದಲ್ಲಿ ಹೇಳುವವರೂ ಇಲ್ಲ. ಕಾರ್ಯಪ್ಪನವರಿಗೆ ಒಂದು ಬಾಗಿಲು ತೆರೆಯಿತು, ಬೇರೆ ಯಾರಿಗೂ ಇಲ್ಲದ ಬಾಗಿಲು. ಅದರೊಳಗೆ ಅವರು ಒಬ್ಬರೇ ಹೋಗಲಿಲ್ಲ.

ನೀನು ಕೇಳಬಹುದು, ಹೋಗಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು ಅಂತ. ನಾನೂ ಯೋಚನೆ ಮಾಡಿದ್ದೇನೆ. ಹುಡುಗ ಮೊದಲೇ ಬಂದಿದ್ದರೆ ಬೇರೆ ಸೆರೆಯಾಳುಗಳ ಬಿಡುಗಡೆ ತಡವಾಗುತ್ತಿರಲಿಲ್ಲ. ಯಾರ ಪಾಲಿನದ್ದನ್ನೂ ಕಿತ್ತುಕೊಂಡ ಹಾಗಾಗುತ್ತಿರಲಿಲ್ಲ. ಲೆಕ್ಕದ ಪ್ರಕಾರ ನೀನು ಹೇಳುವುದು ಸರಿ. ಆದರೆ ಮುಂದಿನ ಸಲ ಬಂಕರಿನಲ್ಲಿ ಕೂತ ಜವಾನ ಏನು ಅಂದುಕೊಳ್ಳುತ್ತಿದ್ದ? ದೊಡ್ಡವರ ಮಕ್ಕಳಿಗೆ ಒಂದು ದಾರಿ, ನಮಗೆ ಒಂದು ದಾರಿ ಅಂತ. ಹಾಗೆ ಒಂದು ಸಲ ಅನ್ನಿಸಿಬಿಟ್ಟರೆ ಆಮೇಲೆ ಯಾವ ಭಾಷಣವೂ ಅದನ್ನ ಅಳಿಸುವುದಿಲ್ಲ. ಸೈನ್ಯದ ಮುಖ್ಯಸ್ಥರಾಗಿದ್ದಾಗ ಜಾತಿ, ಪ್ರಾಂತ್ಯ ನೋಡದೆ ಎಲ್ಲ ಕಡೆಯವರನ್ನೂ ಒಟ್ಟಿಗೆ ಹಾಕಿ ಗಾರ್ಡ್ಸ್ ರೆಜಿಮೆಂಟ್ ಕಟ್ಟಿಸಿದವರು ಅವರು, 1949ರಲ್ಲಿ. ಮಗನ ವಿಷಯ ಬಂದಾಗ ಬೇರೆ ತಕ್ಕಡಿ ತೆಗೆದಿದ್ದರೆ ಆ ಕೆಲಸದ ಮೇಲೂ ಜನ ನಗುತ್ತಿದ್ದರು.

ಇದು ಅಜ್ಜನ ಕಡೆಯ ವಾದ. ಅಜ್ಜಿಯ ಕಡೆಯದ್ದೂ ಕೇಳು. ಆ ದಿನ ಅಜ್ಜ ಹಾಗೆ ಹೇಳುವಾಗ ಅಜ್ಜಿ ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದರು. ತಲೆ ಎತ್ತದೆ, “ಆ ಹುಡುಗನಿಗೆ ತಾಯಿ ಇದ್ದಿದ್ದರೆ ಬೇಡ ಅನ್ನೋಕೆ ಬಿಡ್ತಿದ್ದಳಾ?” ಅಂದರು. ಅಜ್ಜ ಏನೂ ಹೇಳಲಿಲ್ಲ. ನನ್ನ ಹತ್ತಿರವೂ ಇವತ್ತಿನವರೆಗೆ ಉತ್ತರ ಇಲ್ಲ.

ಇನ್ನೊಂದು, ಎಲ್ಲರೂ ಇದನ್ನ ಅಪ್ಪ ಮಗನ ಕಥೆ ಅಂತಲೇ ಹೇಳುತ್ತಾರೆ. ಆ ಮನೆಯಲ್ಲಿ ಒಬ್ಬ ಮಗಳೂ ಇದ್ದಳು. ನಳಿನಿಗೆ ಆಗ 22. ಅಮ್ಮನನ್ನ ಚಿಕ್ಕಂದಿನಲ್ಲೇ ಕಳೆದುಕೊಂಡವಳು, ಅಣ್ಣ ಶತ್ರು ದೇಶದಲ್ಲಿ, ಅಪ್ಪ ಬೇಡ ಅಂದುಬಿಟ್ಟಿದ್ದಾರೆ. ಆ ನಾಲ್ಕು ತಿಂಗಳು ಅವಳಿಗೆ ಹೇಗಿತ್ತು ಅಂತ ಯಾವ ಮೆಸೇಜೂ ಕೇಳುವುದಿಲ್ಲ. ನಿನ್ನ ಸಿಟ್ಟು ಬಂದದ್ದು ಆ ಜಾಗದಿಂದ ಅಂತ ನನಗೆ ಗೊತ್ತು. ನೀನು ಕಾರ್ಯಪ್ಪನವರ ಜಾಗದಲ್ಲಿ ನಿಂತು ಓದಲಿಲ್ಲ, ನಳಿನಿಯ ಜಾಗದಲ್ಲಿ ನಿಂತು ಓದಿದೆ. ಆ ಓದಿಗೂ ಜಾಗ ಇರಬೇಕು. ಆದರೆ ಆ ತ್ಯಾಗಕ್ಕೆ ಚಪ್ಪಾಳೆ ಹೊಡೆಯುವವರ ಮೇಲಿನ ಸಿಟ್ಟನ್ನ ಅದನ್ನ ಹೊತ್ತವರ ಮೇಲೆ ತೀರಿಸಬೇಡ. ಬೇಡ ಅಂದ ಮೇಲೆ ಆ ಮನುಷ್ಯ ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ ಯಾರು ನೋಡಿದ್ದಾರೆ? ಹೊರಗೆ ತೋರಿಸಿಕೊಳ್ಳದವರಿಗೆ ಒಳಗೆ ಏನೂ ಇಲ್ಲ ಅಂತ ಅಂದುಕೊಳ್ಳುವುದು ನಮ್ಮ ಕಾಲದ ಚಟ.

ಮಗ ಏನಂದುಕೊಂಡ ಅನ್ನುವುದಕ್ಕೆ ಮಾತ್ರ ಸಾಕ್ಷಿ ಇದೆ. ನಂದಾ ವಾಯುಪಡೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಅಪ್ಪನ ಜೀವನದ ಬಗ್ಗೆ ಪುಸ್ತಕವನ್ನೇ ಬರೆದರು. ಕಲ್ಲಿನ ಬಗ್ಗೆ ಯಾರೂ ಅಷ್ಟು ಪುಟ ಬರೆಯುವುದಿಲ್ಲ.

ಹಾಗಂತ ಕಾರ್ಯಪ್ಪನವರನ್ನ ದೇವರು ಮಾಡಬೇಡ. ಅಜ್ಜನ ಹಾಗೆ ದೇವರ ಪಟದ ಪಕ್ಕ ಮೊಳೆ ಹೊಡೆಯುವ ಅಗತ್ಯವೂ ಇಲ್ಲ. ರಾಜಕೀಯ ಅವರಿಗೆ ಕೈಹಿಡಿಯಲಿಲ್ಲ. 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಶಿಸ್ತಿನಿಂದ ದೇಶ ನಡೆಸಬಹುದು ಅನ್ನುವ ಅವರ ಆಗಿನ ಕೆಲವು ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಮನೆ ನಡೆಸಿದ ಹಾಗೆ ದೇಶ ನಡೆಸುವುದಕ್ಕೆ ಆಗುತ್ತದಾ? ಮನೆಯೇ ಹಾಗೆ ನಡೆಯುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಅವರು ನಮ್ಮಂಥವರ ಮನೆಯೊಳಗೇ ಬಂದಿದ್ದಾರೆ, ನಿನಗೆ ಗೊತ್ತಿರಲಿಕ್ಕಿಲ್ಲ. ನಿವೃತ್ತ ಸೈನಿಕರಿಗೆ ಅಂತ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಇದೆಯಲ್ಲ, ಅದನ್ನ 1964ರಲ್ಲಿ ಶುರು ಮಾಡಿದವರು ಅವರು. ಮಿಲಿಟ್ರಿಯಿಂದ ಬರುವ ಜವಾನನಿಗೆ ಇನ್ನೂ ನಲವತ್ತು ಆಗಿರುವುದಿಲ್ಲ. ಮಕ್ಕಳು ಶಾಲೆಯಲ್ಲಿ, ಪೆನ್ಶನ್ ಸಾಲದು, ಊರಿನ ಕೆಲಸ ಮರೆತುಹೋಗಿದೆ. ಅವನಿಗೆ ಸಲಾಂ ಹೊಡೆದು ಗೊತ್ತು, ಸರ್ಕಾರಿ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತು ಗೊತ್ತಿಲ್ಲ. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯ ಫ್ಯಾಮಿಲಿ ಪೆನ್ಶನ್ ಎಷ್ಟು ಸತಾಯಿಸಿತು ಅಂತ ನಿನಗೆ ನೆನಪಿರಬೇಕು. ಮಿಲಿಟ್ರಿ ದಾಖಲೆಯಲ್ಲಿ ಅಜ್ಜಿಯ ಹೆಸರು ಒಂದು ತರಹ, ರೇಷನ್ ಕಾರ್ಡಿನಲ್ಲಿ ಇನ್ನೊಂದು ತರಹ. ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸುತ್ತಿದ್ದರು. ಕೊನೆಗೆ ಕೂತು ಕಾಗದ ಸರಿಮಾಡಿಸಿದ್ದು ಊರಿನ ನಾಲ್ಕು ಜನ ಮಾಜಿ ಸೈನಿಕರೇ. ಬಿಳಿ ಮೀಸೆಯ ಮುದುಕರು, ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದರು. ಒಂದು ಕಾಫಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮಾಜಿ ಸೈನಿಕ ಮಾಜಿ ಸೈನಿಕನ ಮನೆಗೆ ಆಗಬೇಕು ಅನ್ನುವ ಅಭ್ಯಾಸ ಸುಮ್ನೆ ಬಂದದ್ದಲ್ಲ, ಅದನ್ನ ಯಾರೋ ಕಟ್ಟಿದ್ದು.

1965ರಲ್ಲೂ 1971ರಲ್ಲೂ, ನಿವೃತ್ತರಾಗಿ ಅಷ್ಟು ವರ್ಷವಾಗಿದ್ದರೂ, ಗಡಿಗೆ ಹೋಗಿ ಜವಾನರನ್ನ ಮಾತಾಡಿಸಿ ಬಂದರು. ಅಜ್ಜನಿಗೆ ಅದು ದೊಡ್ಡ ವಿಷಯ. ಅವರ ಕಂಪನಿಯ ಕಡೆಗೆ ಬರಲಿಲ್ಲ ಅನ್ನುವ ಬೇಜಾರು ಕೊನೆವರೆಗೂ ಇತ್ತು.

ನನಗೆ ತುಂಬ ಇಷ್ಟವಾದದ್ದು ಬೇರೆ ಕಥೆ. 1986ರ ಏಪ್ರಿಲ್ 28ಕ್ಕೆ ರಾಷ್ಟ್ರಪತಿ ಭವನದಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು. 87 ವರ್ಷ. ಬಲಗಾಲಿನ ಕಿರುಬೆರಳು ಸಿಕ್ಕಾಪಟ್ಟೆ ನೋಯುತ್ತಿತ್ತು. ಮನೆಯಲ್ಲಿ ಒಂದು ಕಾಲಿಗೆ ಶೂ, ಇನ್ನೊಂದು ಕಾಲಿಗೆ ಚಪ್ಪಲಿ ಹಾಕಿ ಓಡಾಡುತ್ತಿದ್ದರು. ಮಕ್ಕಳು, ಅಪ್ಪ, ಇವತ್ತು ಶೂ ಬೇಡ ಅಂತ ಬೇಡಿಕೊಂಡರು. ಕೇಳಲಿಲ್ಲ. ಸಮವಸ್ತ್ರಕ್ಕೆ ಚಪ್ಪಲಿಯಾ? ಶೂ ಹಾಕಿಕೊಂಡೇ ಹೋದರು, ಹಿಡಿದು ನಡೆಯುವ ವಾಕರ್ ಕೂಡ ಬೇಡ ಅಂದರು, ಸಮಾರಂಭ ಮುಗಿಯುವವರೆಗೆ ನೆಟ್ಟಗೆ ನಿಂತರು. ಮಗ ಆ ದಿನ ಜೊತೆಗಿದ್ದು ಒದ್ದಾಡಿದ್ದನ್ನ ಆಮೇಲೆ ಬರೆದಿದ್ದಾರೆ. ಮಗನಿಗೆ ಬೇಡ ಅಂದವರು ತನಗೂ ಬೇಡ ಅಂದರು, ಅಷ್ಟೇ. ತನ್ನ ಮೇಲೆ ಹೇರಿಕೊಳ್ಳದ್ದನ್ನ ಮಕ್ಕಳ ಮೇಲೆ ಹೇರುವ ಅಪ್ಪಂದಿರನ್ನ ನಾವು ಎಷ್ಟು ಜನರನ್ನ ನೋಡಿಲ್ಲ?

ತೀರಿಕೊಂಡದ್ದು ಬೆಂಗಳೂರಿನಲ್ಲಿ, 1993ರ ಮೇ 15ಕ್ಕೆ, ನಿದ್ದೆಯಲ್ಲಿ. ಎರಡು ದಿನದ ಮೇಲೆ ಮಡಿಕೇರಿಯಲ್ಲಿ ಸಂಸ್ಕಾರ. ಮೂರೂ ಸೇನೆಯ ಮುಖ್ಯಸ್ಥರು ಬಂದಿದ್ದರು, ಮಾಣೆಕ್ ಶಾ ಬಂದಿದ್ದರು. ನಮ್ಮ ಅಜ್ಜನೂ ಹೋಗಿದ್ದರು, ಬೆಳಗಿನ ಮೊದಲ ಬಸ್ಸಿಗೆ, ಮೆಡಲು ಹಾಕಿಕೊಂಡು. ಜನಜಂಗುಳಿಯಲ್ಲಿ ಹತ್ತಿರ ಹೋಗಲು ಆಗಲಿಲ್ಲ. ದೂರದಿಂದಲೇ ಸೆಲ್ಯೂಟ್ ಹೊಡೆದು ಬಂದೆ ಅಂದರು. ಬಂದವರು ಅಜ್ಜಿಯ ಹತ್ತಿರ ಮೊದಲು ಹೇಳಿದ್ದು ದೊಡ್ಡವರ ಸುದ್ದಿಯಲ್ಲ. “ಮಗ ಇದ್ದ, ಅವನೇ ಕೊಳ್ಳಿ ಇಟ್ಟ” ಅಂದರು. ಅಜ್ಜಿ, “ಬರಲಿಲ್ಲ ಅಂದರೆ ಯಾರು ಇಡ್ತಿದ್ದರು?” ಅಂದರು. ಅಜ್ಜಿಯದ್ದು ಯಾವಾಗಲೂ ಒಂದು ಕೊಕ್ಕೆ ಇದ್ದೇ ಇರುತ್ತಿತ್ತು.

ನೀನು ಅಜ್ಜನ ಕಡೆಯೋ ಅಜ್ಜಿಯ ಕಡೆಯೋ, ನಿನಗೆ ಬಿಟ್ಟದ್ದು. ದಿನಕ್ಕೊಂದು ಕಡೆ ಇದ್ದರೂ ತಪ್ಪಿಲ್ಲ, ನಾನು ಹಾಗೇ ಇದ್ದೇನೆ. ಅಳಿಯಂದಿರ ಫೋನ್ ಬಂದಾಗ ಮಗುವಿನ ಕೆಮ್ಮಿನ ವಿಷಯ ಮುಚ್ಚಿಡಬೇಡ, ಹೇಳು. ಗಾಬರಿಯಾಗುತ್ತಾರೆ ಅಂತ ಎಲ್ಲ ಮುಚ್ಚಿಟ್ಟರೆ ಅವರು ಊಹಿಸಿಕೊಳ್ಳುವುದು ಇನ್ನೂ ಜಾಸ್ತಿ ಇರುತ್ತದೆ.

ಅಜ್ಜನ ಮೆಡಲುಗಳಿಗೆ ಫ್ರೇಮ್ ಹಾಕಿಸುತ್ತೇನೆ ಅಂದಿದ್ದೆಯಲ್ಲ, ಟ್ರಂಕಿನಿಂದ ತೆಗೆದಿಟ್ಟಿದ್ದೇನೆ. ರಿಬ್ಬನ್ ಒಂದೆರಡು ಹುಳ ತಿಂದಿವೆ, ಪುಣೆಯ ಕ್ಯಾಂಪ್ ಕಡೆ ಹೊಸದು ಸಿಗುತ್ತದಾ ನೋಡು. ಕಾಫಿ ಕೊಯ್ಲು ಇನ್ನೂ ಅರ್ಧ ಬಾಕಿ, ಕೆಲಸಕ್ಕೆ ಜನ ಸಿಗುತ್ತಿಲ್ಲ, ನಿಮ್ಮಪ್ಪ ಕಣದಲ್ಲೇ ಇರುತ್ತಾರೆ. ಅದು ಮುಗಿದ ಮೇಲೆ ನಾನು ಬಂದು ಒಂದಷ್ಟು ದಿನ ನಿನ್ನ ಜೊತೆ ಇರುತ್ತೇನೆ. ರೈಲು ಟಿಕೆಟ್ ನೀನೇ ಬುಕ್ ಮಾಡು, ಕೆಳಗಿನ ಬರ್ತೇ ಬೇಕು. ಮೇಲೆ ಹತ್ತುವ ಕಾಲ ನನ್ನದು ಮುಗಿದಿದೆ.

ಇಂತಿ,
ನಿನ್ನ ಅಮ್ಮ